ಟೆಲಿಸ್ಕೋಪ್ ಎತ್ತಲು ಬಲೂನು ಸಾಲದೇ?

ಪ್ರಶ್ನೆ: ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಟೆಲಿಸ್ಕೋಪ್ ಇದೆ, ಅದನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಹಾಗಿದ್ದೂ ಇಷ್ಟು ಖರ್ಚು ಮಾಡಿ ರಾಕೆಟ್‌ನಲ್ಲಿ ಕಳಿಸುವುದು ಯಾಕೆ? ಬಲೂನು ಸಾಲದೇ?
– ಕಾಲೇಜು ವಿದ್ಯಾರ್ಥಿನಿ, ಹೊಸಕೋಟೆ

ಉತ್ತರ: ಎಷ್ಟೋ ಕೆಲಸಕ್ಕೆ ಸಾಕು. ಯಾವ ಬೆಳಕನ್ನು ನೋಡಬೇಕು ಅನ್ನುವುದೇ ಇಲ್ಲಿ ಮುಖ್ಯ.

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಬಹುಪಾಲನ್ನು ಗಾಳಿಯಲ್ಲಿರುವ ನೀರಾವಿ ನುಂಗಿಬಿಡುತ್ತದೆ. ಅದಕ್ಕೇ ಹಾನ್ಲೆಯಂಥ ಒಣ, ಎತ್ತರದ ಜಾಗ ಬೇಕು. ಇನ್ನೂ ಎತ್ತರಕ್ಕೆ ಹೋಗಲೆಂದು ಅಮೆರಿಕ ಮತ್ತು ಜರ್ಮನಿ ಸೇರಿ ಒಂದು ಬೋಯಿಂಗ್ 747ರ ಮೈಗೆ ಬಾಗಿಲು ಕೊರೆದು 2.5 ಮೀಟರ್ ಟೆಲಿಸ್ಕೋಪ್ ಕೂರಿಸಿದ್ದವು. ಅದರ ಹೆಸರು ಸೋಫಿಯಾ, 2022ರವರೆಗೆ ಹಾರಿತು. ಚಂದ್ರನ ಬಿಸಿಲು ಬೀಳುವ ಭಾಗದಲ್ಲೂ ನೀರಿನ ಅಣುಗಳಿವೆ ಅಂತ ಗೊತ್ತಾಗಿದ್ದು ಅದರಿಂದಲೇ.

ಬಲೂನು ಇನ್ನೂ ಮೇಲೆ ಹೋಗುತ್ತದೆ, ಮೂವತ್ತು ಕಿಲೋಮೀಟರ್ ದಾಟಿ. ಅಲ್ಲಿಂದ ನೋಡಿದರೆ ವಾತಾವರಣದ ನೂರಕ್ಕೆ ಸುಮಾರು 99 ಭಾಗ ಕೆಳಗೇ ಉಳಿದಿರುತ್ತದೆ! ನೆಲದ ಮೇಲೆ ಬಲೂನಿನ ತುದಿಗಷ್ಟೇ ಹೀಲಿಯಂ ತುಂಬುತ್ತಾರೆ, ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಅದು ತಾನೇ ಉಬ್ಬಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ರಾತ್ರಿ. ಮಾಮೂಲಿ ಬಲೂನಿನ ಬುಡ ತೆರೆದಿರುತ್ತದೆ, ಹಗಲಿನ ಬಿಸಿಗೆ ಹೆಚ್ಚಾದ ಅನಿಲ ಹೊರಗೆ ಹೋಗಿರುತ್ತದೆ, ರಾತ್ರಿ ತಣ್ಣಗಾದಾಗ ಉಳಿದದ್ದು ಕುಗ್ಗಿ ಬಲೂನು ಕೆಳಗಿಳಿಯುತ್ತದೆ, ಆಗ ಜೊತೆಗೆ ಒಯ್ದ ಭಾರವನ್ನು ಸ್ವಲ್ಪ ಸ್ವಲ್ಪ ಚೆಲ್ಲಬೇಕು. ಆ ಭಾರ ಖಾಲಿಯಾದರೆ ಹಾರಾಟ ಮುಗಿದಂತೆ. ಇದಕ್ಕೆ ಕಂಡುಕೊಂಡ ದಾರಿ ಎಂದರೆ ಕುಂಬಳಕಾಯಿ ಆಕಾರದ, ಪೂರ್ತಿ ಮುಚ್ಚಿದ ಬಲೂನು. ಹಗಲಾಗಲಿ ರಾತ್ರಿಯಾಗಲಿ ಇದರ ಗಾತ್ರ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಎತ್ತರವೂ ಹಾಗೇ ಇರುತ್ತದೆ. 2023ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡ್‌ನ ವಾನಾಕಾದಿಂದ ಹೊರಟ ಸೂಪರ್‌ಬಿಟ್ ಎಂಬ ಅರ್ಧ ಮೀಟರ್ ಟೆಲಿಸ್ಕೋಪ್ ಹೀಗೇ ಸುಮಾರು 40 ದಿನ ಹಾರಿತು. ಬಲೂನಿನ ಕೆಳಗೆ ತೂಗಾಡುತ್ತಲೇ ಗ್ಯಾಲಕ್ಸಿಗಳ ಸ್ಪಷ್ಟ ಚಿತ್ರ ತೆಗೆಯಿತು. ನನಗೆ ಇದು ರಾಕೆಟ್ ಹಾರಿಸುವುದಕ್ಕಿಂತ ದೊಡ್ಡ ಚಮತ್ಕಾರ ಅನ್ನಿಸುತ್ತದೆ. ಅರ್ಜೆಂಟೀನಾದಲ್ಲಿ ಇಳಿಯುವಾಗ ಉಪಕರಣಕ್ಕೆ ಪೆಟ್ಟಾಯಿತು ನಿಜ, ಆದರೆ ಮಾಹಿತಿ ತುಂಬಿದ ಡಬ್ಬಿಗಳನ್ನು ಮೊದಲೇ ಪ್ಯಾರಾಚೂಟ್ ಕಟ್ಟಿ ಬೀಳಿಸಿದ್ದರು.

ನಮ್ಮಲ್ಲೂ ಹೈದರಾಬಾದ್‌ನಿಂದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ದಶಕಗಳಿಂದ ಸಂಶೋಧನೆಯ ಬಲೂನು ಹಾರಿಸುತ್ತಿದೆ.

ಮತ್ತೆ ರಾಕೆಟ್ ಯಾಕೆ ಅಲ್ವಾ? ಗಿಡ್ಡ ತರಂಗದ ನೇರಳಾತೀತ ಬೆಳಕು, ಕಡಿಮೆ ಶಕ್ತಿಯ ಎಕ್ಸ್-ರೇ, ಇವನ್ನು ಬಲೂನಿಗಿಂತ ಮೇಲೆ ಉಳಿದಿರುವ ಆ ಚೂರು ಗಾಳಿಯೂ ಹೀರಿಬಿಡುತ್ತದೆ. ಅದಕ್ಕೇ 2015ರ ಸೆಪ್ಟೆಂಬರ್ 28ರಂದು ಇಸ್ರೋ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವನ್ನು ರಾಕೆಟ್‌ನಲ್ಲಿ 650 ಕಿಲೋಮೀಟರ್ ಎತ್ತರಕ್ಕೆ ಕಳಿಸಿತು. ಅದರಲ್ಲಿರುವ ನೇರಳಾತೀತ ಟೆಲಿಸ್ಕೋಪನ್ನು ಜೋಡಿಸಿದ್ದು ಎಲ್ಲಿ ಗೊತ್ತಾ? ನೀವು ಹೇಳಿದ ಹಾನ್ಲೆ ಟೆಲಿಸ್ಕೋಪನ್ನು ನಡೆಸುವ ಅದೇ ಆವರಣದಲ್ಲಿ, ನಿಮ್ಮ ಹೊಸಕೋಟೆಯಲ್ಲಿ.