ಸ್ತನ ಕ್ಯಾನ್ಸರ್‌ಗೆ ಲಸಿಕೆ ಬಂದಿದೆಯಾ?

ಇಲ್ಲ, ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳುವಂಥದ್ದು ಇನ್ನೂ ಬಂದಿಲ್ಲ. ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ನನಗೆ ಜಾಸ್ತಿ ಭರವಸೆ ಹುಟ್ಟಿಸಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲಸಿಕೆ.

ಎದೆಹಾಲಿನಲ್ಲಿ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಅನ್ನೋ ಪ್ರೋಟೀನ್ ಇರುತ್ತದೆ. ಮಗುವಿಗೆ ಹಾಲು ಬಿಡಿಸಿದ ಮೇಲೆ ತಾಯಿಯ ಮೈ ಅದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ಆದರೆ ಟ್ರಿಪಲ್ ನೆಗೆಟಿವ್ ಅನ್ನುವ, ಔಷಧಿಗೆ ಅಷ್ಟು ಸುಲಭವಾಗಿ ಬಗ್ಗದ ಸ್ತನ ಕ್ಯಾನ್ಸರ್ ಇದೆಯಲ್ವಾ, ಅದರ ಎಷ್ಟೋ ಗೆಡ್ಡೆಗಳಲ್ಲಿ ಈ ಪ್ರೋಟೀನ್ ಮತ್ತೆ ಕಾಣಿಸಿಕೊಳ್ಳುತ್ತದೆ. ಲಸಿಕೆ ಅದರ ಗುರುತನ್ನು ನಮ್ಮ ಟಿ ಕೋಶಗಳಿಗೆ, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳಿಗೆ, ಮೊದಲೇ ಹೇಳಿಕೊಡುತ್ತದೆ. ಹಾಲೂಡಿಸುವ ದಿನಗಳು ಮುಗಿದವರಲ್ಲಿ ಒಳ್ಳೆಯ ಕೋಶಗಳಿಗೆ ಪೆಟ್ಟು ಬೀಳುವ ಭಯ ಕಡಿಮೆ. ಎಷ್ಟು ಚೆಂದದ ಯೋಚನೆ!

ಇದನ್ನು ರೂಪಿಸಿದವರು ಅದೇ ಕ್ಲಿನಿಕ್‌ನ ವಿಜ್ಞಾನಿ ವಿನ್ಸೆಂಟ್ ಟೂಹಿ. 2010ರಲ್ಲಿ ಇಲಿಗಳಲ್ಲಿ ಫಲ ಸಿಕ್ಕಿತು. ಮನುಷ್ಯರ ಮೇಲಿನ ಪರೀಕ್ಷೆ ಶುರುವಾಗಿದ್ದು 2021ರಲ್ಲಿ. ಎರಡೆರಡು ವಾರ ಬಿಟ್ಟು ಮೂರು ಇಂಜೆಕ್ಷನ್. ಲಸಿಕೆ ಪಡೆದವರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನರ ರೋಗನಿರೋಧಕ ಶಕ್ತಿ ಎಚ್ಚೆತ್ತಿತು. ಟೂಹಿ 2023ರಲ್ಲೇ ತೀರಿಕೊಂಡಿದ್ದರು ಅನ್ನೋದು ಬೇಸರದ ಸಂಗತಿ.

ಒಂದು ಮಾತು ನೆನಪಿರಲಿ. ರೋಗನಿರೋಧಕ ಶಕ್ತಿ ಎಚ್ಚೆತ್ತಿತು ಅಂದ ಮಾತ್ರಕ್ಕೆ ಕ್ಯಾನ್ಸರ್ ತಡೆಯಿತು ಅಂತಲ್ಲ. ಅದನ್ನು ತೋರಿಸಲು ಇನ್ನೂ ದೊಡ್ಡ ಪರೀಕ್ಷೆಗಳು ಬೇಕು.