ಲೀಟರ್ ಹಾಲು ಕುಡಿದವನಿಗೆ ಹಸಿವೆಲ್ಲಿ?

ಪಾಂಡವಪುರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗನಿಗೆ ಒಂದೂವರೆ ವರ್ಷ, ತೂಕ 9.6 ಕೆ.ಜಿ. ತುತ್ತು ಕಂಡರೆ ಬಾಯಿ ಬಿಗಿಹಿಡಿಯುತ್ತಾನೆ. ಹಾಲು ಮಾತ್ರ ಬಾಟಲಿಯಲ್ಲಿ ದಿನಕ್ಕೆ ಒಂದು ಲೀಟರ್ ಬೇಕು. ಹಸಿವಿನ ಟಾನಿಕ್ ಹಾಕು ಅಂತಾರೆ ನಮ್ಮತ್ತೆ. ಹಾಕಲೇ? ಅಂದಹಾಗೆ, ಈಚೆಗೆ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾನೆ.’

ಉತ್ತರ: ನೋಡಿ ತಾಯಿ, ‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದ ಸಾಲೇ ನಿಮ್ಮ ಕಾಗದದ ತಿರುಳು. ಸುಣ್ಣ, ಮಣ್ಣು ತಿನ್ನುವ ಕೂಸಿಗೆ ಬಹಳ ಸಲ ಕಬ್ಬಿಣಾಂಶ ಕಡಿಮೆ ಇರುತ್ತದೆ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆ ಸಾಕು, ಮೈಸೂರಿಗೆ ಓಡಬೇಕಿಲ್ಲ. ಜಂತುಹುಳುವಿನ ಮಾತ್ರೆಯನ್ನೂ ಅಲ್ಲೇ ವಿಚಾರಿಸಿ. 1ರಿಂದ 2 ವರ್ಷದವರಿಗೆ 400 ಮಿ.ಗ್ರಾಂ. ಆಲ್ಬೆಂಡಜೋಲ್‌ನಲ್ಲಿ ಅರ್ಧ, ಪುಡಿಮಾಡಿ ನೀರಿನಲ್ಲಿ. ಮಗನ ತೂಕ ‘ತಾಯಿ ಕಾರ್ಡ್’ನ ಬೆಳವಣಿಗೆ ನಕ್ಷೆಯಲ್ಲಿ ಹಸಿರು ಪಟ್ಟಿಯಲ್ಲೇ, ಅಂದರೆ ವಯಸ್ಸಿಗೆ ತಕ್ಕಷ್ಟೇ ಇದೆ. ಗೆರೆ ಮೇಲೇರುತ್ತಿದೆಯೋ, ತಿಂಗಳುಗಟ್ಟಲೆ ಅಡ್ಡ ಮಲಗಿದೆಯೋ ನೋಡಿ.

ನಿಮ್ಮತ್ತೆಯ ಆತಂಕ ನ್ಯಾಯವಾದದ್ದು, ಹಾಲೂ ಒಳ್ಳೆಯದೇ. ಆದರೆ ಡೇರಿ ಇಲ್ಲದ ಊರಿಲ್ಲದ ನಮ್ಮ ಜಿಲ್ಲೆಯಲ್ಲಿ ಹಾಲು ಕಮ್ಮಿ ಮಾಡಿ ಅಂದರೆ ಜಗಳಕ್ಕೇ ಬರುತ್ತಾರೆ. ಲೆಕ್ಕ ನೀವೇ ಹಾಕಿ: ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು ಸುಮಾರು 1000 ಕ್ಯಾಲೊರಿ, ಲೀಟರ್ ಹಾಲಿನಲ್ಲೇ 600ಕ್ಕೂ ಮೇಲೆ ಬಂತು. ಅವನು ಬಾಯಿ ಮುಚ್ಚದೆ ಇನ್ನೇನು ಮಾಡಿಯಾನು? ಸಾಲದ್ದಕ್ಕೆ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಊಟದ ಕಬ್ಬಿಣವನ್ನೂ ಅದು ಮೈಗೆ ಹತ್ತಗೊಡುವುದಿಲ್ಲ. ಎರಡು ದಿನಕ್ಕೊಮ್ಮೆ 100 ಮಿ.ಲೀ. ಇಳಿಸುತ್ತಾ 400–500ಕ್ಕೆ ತನ್ನಿ, ಲೋಟದಲ್ಲೇ ಕೊಡಿ. ರಾತ್ರಿಯ ಬಾಟಲಿ ಮೊದಲು ಹೋಗಲಿ, ಹಲ್ಲು ಹಾಳು. ಊಟಕ್ಕೆ ಒಂದೂವರೆ ಗಂಟೆ ಮುಂಚಿನಿಂದ ಹಾಲು, ಬಿಸ್ಕತ್ತು ಎರಡೂ ಬೇಡ.

ಕ್ಯಾಲ್ಸಿಯಂ ಚಿಂತೆಯೇ? 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚಿದೆ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಕಾಲಿಂಚು ಬಂದೊಡನೆ ಬಿಚ್ಚಿ ಗರಿಗರಿಯಾಗಿ ಒಣಗಿಸಿ. ಹಸಿ ಉಳಿದರೆ ಬೂಷ್ಟು ಖಂಡಿತ. ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟೇ ಹುರಿದು ಬೀಸಿಸಿ, ಜರಡಿ ಹಿಡಿಯಿರಿ. ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಆದರೂ ಈ ವಯಸ್ಸಿನವನಿಗೆ ಸರಿಯೊಂದೇ ಸಾಲದು. ಗೋಲಿಗಾತ್ರದ ಮುದ್ದೆ, ಬಸ್ಸಾರಿನ ಸೊಪ್ಪು-ಕಾಳು ಹಿಸುಕಿ, ನಾಲ್ಕು ಹನಿ ನಿಂಬೆಹಣ್ಣು. ಹುಳಿಯಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ತಿನ್ನುವ ಮನೆಯಾದರೆ ಮೊಟ್ಟೆ, ಕೈಮ. ಕಡಲೆಕಾಯಿ ಬೀಜ ಪುಡಿಯಾಗಿಯೇ ಇರಲಿ, ಇಡಿಯದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. 2 ವರ್ಷದವರೆಗೆ ಸಕ್ಕರೆ ಬೇಡ. ಮಂಡ್ಯದವರು ಮುನಿಸಿಕೊಂಡರೂ ಸರಿ, ಬೆಲ್ಲವೂ ಸಕ್ಕರೆಯೇ. ಮೂವತ್ತು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ, ಮೊಬೈಲು ಹಿಡಿದು ಹಿಂದೆ ಓಡಬೇಡಿ.

ಇನ್ನು ಟಾನಿಕ್. ಹಸಿವಿಗೆಂದು ಕೊಡುವ ಬಾಟಲಿಗಳಲ್ಲಿ ಹಲವುದರಲ್ಲಿರುವುದು ಸೈಪ್ರೊಹೆಪ್ಟಡಿನ್, ಅಂದರೆ ಅಲರ್ಜಿಯ ಔಷಧ. ಮಂಪರು ತರುತ್ತದೆ, 2 ವರ್ಷದೊಳಗಿನವರಿಗೆ ಕೊಡುವುದಲ್ಲ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಚೀಟಿಯಿಲ್ಲದೆ ಏನು ಕೇಳಿದರೂ ಕೈಗಿಡುತ್ತಾರಲ್ಲ, ಅದು ನನ್ನ ಹಳೇ ಸಿಟ್ಟು. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪೇ 5 ಮಿ.ಲೀ.ಗೆ 120 ಮಿ.ಗ್ರಾಂ.ನದೂ ಇದೆ, 250ರದೂ ಇದೆ. ಬಾಟಲಿ ಬದಲಾದದ್ದು ಗೊತ್ತಿಲ್ಲದೆ ಹಳೇ ಅಳತೆಯಲ್ಲೇ ಹಾಕಿದರೆ ಎರಡರಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ.

ಕಾಸು ಕೊಟ್ಟು ತಂದ ಬಾಟಲಿಗೆ ಇಷ್ಟು ಮರ್ಯಾದೆ, ಬಿಟ್ಟಿ ಸಿಕ್ಕಿದ್ದಕ್ಕೆ ಇಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆರಡು ಸಲ, 1 ಮಿ.ಲೀ. ಮಾತ್ರ. ಕಕ್ಕ ಕಪ್ಪಾಯಿತೆಂದು ಹೆದರಿ ಎಷ್ಟೋ ಮನೆಯಲ್ಲಿ ಅದು ಗೂಡಿನಲ್ಲೇ ಧೂಳು ಹಿಡಿದಿರುತ್ತದೆ. ಕಪ್ಪಾಗುವುದು ಸಹಜ. ಪರೀಕ್ಷೆಯಲ್ಲಿ ರಕ್ತ ಕಡಿಮೆ ಎಂದು ಬಂದರೆ ಅಳತೆ ಬೇರೆ, ಅದನ್ನು ವೈದ್ಯರೇ ಬರೆದುಕೊಡಲಿ. ಯಾವುದೇ ಆದರೂ ಊಟವಾದ ಮೇಲೆ ಹಾಕಿ, ಹಾಲಿನ ಜೊತೆ ಮಾತ್ರ ಬೇಡ.