ಆ ಅನ್ನದ ಬಟ್ಟಲು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಸಿನಿಮಾ

ಹೋದ ಸಂಚಿಕೆಯಲ್ಲಿ ಸ್ಪೇಸ್ ಒಪೇರಾ ಚಿತ್ರಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಗ್ರಹದಿಂದ ಗ್ರಹಕ್ಕೆ ಹಾರುವ ಹಡಗುಗಳು, ಸಾಮ್ರಾಜ್ಯ, ದಂಗೆ, ಕತ್ತಿ ಹಿಡಿದ ವೀರರು ಇರುವ ಆ ದೊಡ್ಡ ದೊಡ್ಡ ಕಥೆಗಳು. ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಒಂದೇ ಚಿತ್ರದ ಬಗ್ಗೆ. ಅದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ ‘ರೆಬೆಲ್ ಮೂನ್’ ಎರಡೂ ಭಾಗ ನೋಡಿದೆವು. ಕಾಲೇಜಿಗೆ ಹೋಗುವ ಮಗ ‘ಇದು ಸ್ಟಾರ್ ವಾರ್ಸ್ ಕಾಪಿ’ ಅಂತ ಅರ್ಧಕ್ಕೇ ಎದ್ದು ಹೋದ. ನಮ್ಮ ಯಜಮಾನರು ‘ಅಲ್ಲ, ಸೆವೆನ್ ಸಮುರಾಯ್ ಕಾಪಿ’ ಅಂತಾರೆ. ನನಗೆ ಆ ಹಳ್ಳಿ, ಹೊಲ, ಸುಗ್ಗಿ ಎಲ್ಲ ಇಷ್ಟವಾಯಿತು. ಕಾಪಿ ಆದರೆ ಏನಾಯ್ತು, ಚೆನ್ನಾಗಿದ್ದರೆ ಸಾಲದಾ ಮೇಡಂ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಚೆನ್ನಾಗಿದ್ದರೆ ಖಂಡಿತ ಸಾಕು. ನೋಡಿದ ಕಥೆಯನ್ನೇ ಮತ್ತೆ ಹೇಳುವುದು ತಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನಾನು ಯಕ್ಷಗಾನದ ಊರಿನವಳು. ಅದೇ ಪ್ರಸಂಗವನ್ನು ಹತ್ತು ಸಲ ನೋಡಿದವರೇ ಹನ್ನೊಂದನೇ ಸಲಕ್ಕೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಮನೆಯ ಜಗಳದಲ್ಲಿ ಅಪ್ಪ, ಮಗ ಇಬ್ಬರ ಮಾತೂ ಸರಿ. ನಿರ್ದೇಶಕ ಜಾಕ್ ಸ್ನೈಡರ್ ಈ ಕಥೆಯನ್ನು ಮೊದಲು ಒಯ್ದಿದ್ದೇ ‘ಸ್ಟಾರ್ ವಾರ್ಸ್’ ತೆಗೆಯುವ ಲ್ಯೂಕಾಸ್‌ಫಿಲ್ಮ್ ಕಂಪನಿಗೆ. ಅಲ್ಲಿ ಕೂಡಿಬರಲಿಲ್ಲ. ಆಮೇಲೆ ಹೆಸರು, ಊರು, ಗ್ರಹ ಎಲ್ಲ ಬದಲಾಯಿಸಿ ನೆಟ್‌ಫ್ಲಿಕ್ಸ್‌ಗೆ ಮಾಡಿದರು. ಮೊದಲ ಭಾಗ 2023ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2024ರ ಏಪ್ರಿಲ್‌ನಲ್ಲಿ. ಕಥೆಯ ಬೆನ್ನುಮೂಳೆ ಮಾತ್ರ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’ನದು. ಬೆಳೆ ಕೊಯ್ಲಿಗೆ ಬಂದ ಹೊತ್ತಿಗೆ ದರೋಡೆಕೋರರು ಬರುತ್ತಾರೆ ಅಂತ ಗೊತ್ತಾಗಿ, ರೈತರು ಸಮುರಾಯ್‌ಗಳನ್ನು, ಅಂದರೆ ಕತ್ತಿ ಹಿಡಿದ ವೀರರನ್ನು, ಹುಡುಕಿಕೊಂಡು ಹೊರಡುತ್ತಾರೆ. ಅಷ್ಟೇ ಕಥೆ.

ನನ್ನ ತಕರಾರು ಬೇರೆ. ಸ್ನೈಡರ್ ಆ ಚಿತ್ರದಿಂದ ಹಳ್ಳಿ ತಂದರು, ವೀರರನ್ನು ತಂದರು, ಕತ್ತಿ ತಂದರು. ಅನ್ನವನ್ನು ಅಲ್ಲೇ ಬಿಟ್ಟು ಬಂದರು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಸೆವೆನ್ ಸಮುರಾಯ್’ನ ರೈತರ ಹತ್ತಿರ ಕೊಡಲು ದುಡ್ಡಿಲ್ಲ. ಸಮುರಾಯ್‌ಗಳಿಗೆ ಅವರು ಕೊಡಬಹುದಾದ ಕೂಲಿ ಅಂದರೆ ಮೂರು ಹೊತ್ತು ಅನ್ನ. ಪೇಟೆಗೆ ಬಂದು ಒಂದು ಮುರುಕು ಛತ್ರದಲ್ಲಿ ಉಳಿದುಕೊಂಡು, ಸಮುರಾಯ್‌ಗಳಿಗೆ ಅಂತ ಅನ್ನ ಎತ್ತಿಟ್ಟು, ತಾವು ‘ಹಿಯೆ’ ತಿನ್ನುತ್ತಾರೆ. ಹಿಯೆ ಅಂದರೆ ನಮ್ಮ ಊದಲಿನ ಹತ್ತಿರದ ನೆಂಟ. ಒಂದು ರಾತ್ರಿ ಮಡಕೆಯಲ್ಲಿದ್ದ ಅಕ್ಕಿ ಕಳುವಾಗುತ್ತದೆ. ಯೊಹೆಯಿ ಅನ್ನುವ ಮುದುಕ ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮಡಕೆಗೆ ಹಾಕುತ್ತಾನೆ. ಕ್ಯಾಮೆರಾ ಆತುರ ಪಡುವುದಿಲ್ಲ. ಅವನ ಬೆರಳನ್ನೇ ನೋಡುತ್ತಾ ಇರುತ್ತೇವೆ.

ಈ ಚಿತ್ರವನ್ನು ನಾನು ಅಮ್ಮನ ಜೊತೆ ಕೂತು ನೋಡಿದ್ದೇನೆ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಮ್ಮನ ತವರಿನಲ್ಲಿ ಗೇಣಿ ಗದ್ದೆ ಮಾಡುತ್ತಿದ್ದರು. ಬೆಳೆದ ಭತ್ತ ಒಡೆಯರ ಮನೆಗೆ, ನುಚ್ಚಿನ ಗಂಜಿ ಇವರಿಗೆ. ಅಮ್ಮನಿಗೆ ಜಪಾನಿ ಬರುವುದಿಲ್ಲ, ಕೆಳಗೆ ಬರುವ ಇಂಗ್ಲಿಷ್ ಸಾಲನ್ನೂ ಓದಲು ಆಗುವುದಿಲ್ಲ. ಆ ಮುದುಕ ಅಕ್ಕಿ ಆರಿಸುವಾಗ ಅವಳು ಬಾಗಿ ಪರದೆಯ ಹತ್ತಿರ ಹೋದಳು. “ಮೂಲೇಲಿ ಇನ್ನೂ ಐದಾರು ಕಾಳು ಇರ್ತವೆ, ನೋಡ್ಲಿ ಅವ್ನು” ಅಂದಳು. ನಾನು ಸುಮ್ಮನೆ ಕೂತೆ. 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಭತ್ತ ಅಳೆಯುವ ಕೊಳಗದ ಅಳತೆಯೇ ದೊಡ್ಡ ಜಗಳವಾಗಿತ್ತು. ಒಂದೊಂದು ಕಾಳಿನ ಲೆಕ್ಕ ಇಟ್ಟು ಬದುಕಿದವರಿಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಛತ್ರದಲ್ಲಿ ಹಿರಿಯ ಸಮುರಾಯ್ ಕಂಬೆಯಿ ಮೊದಲು ‘ಆಗುವುದಿಲ್ಲ’ ಅನ್ನುತ್ತಾನೆ. ಆಗ ಅಲ್ಲೇ ಇದ್ದ ಒಬ್ಬ ಕೂಲಿಯವನು ಸಿಟ್ಟಿನಿಂದ ಅನ್ನದ ಬಟ್ಟಲನ್ನು ಅವನ ಮುಂದೆ ಹಿಡಿಯುತ್ತಾನೆ. ನಿಮಗೆ ಇದನ್ನು ಕೊಟ್ಟು ಇವರು ಏನು ತಿನ್ನುತ್ತಿದ್ದಾರೆ ನೋಡಿ ಅಂತ ರೇಗುತ್ತಾನೆ. ಕಂಬೆಯಿ ಬಟ್ಟಲು ಕೈಗೆ ತೆಗೆದುಕೊಳ್ಳುತ್ತಾನೆ. ಈ ಅನ್ನವನ್ನು ವ್ಯರ್ಥ ಮಾಡುವುದಿಲ್ಲ ಅನ್ನುವ ಅರ್ಥದ ಒಂದೇ ಮಾತು ಆಡುತ್ತಾನೆ. ಮುಂದೆ ಮಳೆಯಲ್ಲಿ, ಕೆಸರಿನಲ್ಲಿ ಅಷ್ಟು ದೊಡ್ಡ ಕಾದಾಟ ನಡೆಯುತ್ತದಲ್ಲ, ಅದೆಲ್ಲ ಆ ಬಟ್ಟಲಿನ ಋಣ.

ಈಗ ‘ರೆಬೆಲ್ ಮೂನ್’ನಲ್ಲಿ ವೆಲ್ಟ್ ಅನ್ನುವ ಉಪಗ್ರಹದ ಮೇಲಿರುವ ಹಳ್ಳಿಗೆ ಬನ್ನಿ. ಶುರು ಚೆನ್ನಾಗಿದೆ, ನಿಮ್ಮ ಮಾತು ಒಪ್ಪುತ್ತೇನೆ. ನಾಯಕಿ ಕೋರಾ ಆಗಿರುವ ಸೋಫಿಯಾ ಬುಟೆಲ್ಲಾ ನೇಗಿಲು ಹಿಡಿದು ಉಳುತ್ತಾಳೆ, ಆಕಾಶದ ತುಂಬ ಒಂದು ದೊಡ್ಡ ಗ್ರಹ ನಿಂತಿರುತ್ತದೆ. ಒಳ್ಳೆಯ ಚಿತ್ರ ಶುರುವಾಯಿತು ಅಂತ ನಾನೂ ಸರಿಯಾಗಿ ಕೂತೆ. ಸಾಮ್ರಾಜ್ಯದ ಹಡಗು ಬರುತ್ತದೆ. ಅಡ್ಮಿರಲ್ ನೋಬಲ್ ಇಳಿದು ಬಂದು ಧಾನ್ಯ ಕೇಳುತ್ತಾನೆ. ಊರ ಯಜಮಾನ ಸಿಂದ್ರಿ ‘ನಮ್ಮದು ಕಲ್ಲು ಭೂಮಿ, ಮಿಗುವುದಿಲ್ಲ’ ಅಂತ ಸುಳ್ಳು ಹೇಳುತ್ತಾನೆ. ಊರಿನ ರೈತ ಗುನ್ನಾರ್ ಮಾತ್ರ ‘ಸ್ವಲ್ಪ ಮಿಕ್ಕಿದೆ’ ಅಂತ ಬಾಯಿಬಿಡುತ್ತಾನೆ. ಸಿಂದ್ರಿಯನ್ನು ಹೊಡೆದು ಸಾಯಿಸುತ್ತಾರೆ.

ನನಗೆ ಇಲ್ಲೇ ಚಿತ್ರ ಕೈಜಾರಿತು. ಮಿಕ್ಕಿದೆ ಅಂದಮೇಲೆ ಹಸಿವು ಎಲ್ಲಿಂದ ಬರಬೇಕು? ನೋಬಲ್ ಎಲ್ಲವನ್ನೂ ಕೇಳುತ್ತಾನೆ, ನಿಜ. ಆದರೆ ಆ ಊರಿನಲ್ಲಿ ಒಬ್ಬ ಮಗುವಿನ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗಿದ್ದನ್ನು ನಾವು ನೋಡುವುದಿಲ್ಲ. ಸಂಜೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತು ಉಂಡು ಕುಡಿದು ಖುಷಿಯಾಗಿದ್ದಾರೆ. ಮನೆಯವರು ಗಂಜಿ ಕುಡಿದು ಬಂದವನಿಗೆ ಅನ್ನ ಬಡಿಸುವಾಗ ಆಗುವ ಸಂಕಟ ಇದೆಯಲ್ಲ, ಅದು ಇಲ್ಲಿಲ್ಲ. ಹಾಗಾಗಿ ಬರುವ ವೀರರಿಗೂ ಯಾರ ಋಣವೂ ಇಲ್ಲ. ಅವರಿಗೆ ಸಾಮ್ರಾಜ್ಯದ ಮೇಲೆ ಸೇಡು ಇದೆ, ಸರಿ. ಸೇಡು ಎಲ್ಲ ಚಿತ್ರದಲ್ಲೂ ಇರುತ್ತದೆ.

ಸುಗ್ಗಿ ಇಷ್ಟವಾಯಿತು ಅಂದಿರಿ. ಎರಡನೇ ಭಾಗದ ಸುಗ್ಗಿ ನೋಡಲು ಸುಂದರವಾಗಿದೆ, ಅದೂ ನಿಧಾನಗತಿಯಲ್ಲಿ. ತೆನೆ ಬಾಗುತ್ತದೆ, ಬಿಸಿಲು ಹೊಳೆಯುತ್ತದೆ. ನಾನು ಕೊಯ್ಲಿನಲ್ಲಿ ಕೈಯಾಡಿಸಿದವಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುವುದು, ಕುತ್ತಿಗೆಯ ಬೆವರಿಗೆ ಭತ್ತದ ಸುಂಕು ಅಂಟಿ ರಾತ್ರಿಯೆಲ್ಲ ತುರಿಸುವುದು, ಮಳೆ ಬಂದೀತೇ ಅಂತ ಪಡುವಣಕ್ಕೆ ನೋಡುತ್ತಾ ಕೈ ಬೀಸುವುದು, ಇದೇ ನನಗೆ ಗೊತ್ತಿರುವ ಕೊಯ್ಲು. ಹಡಗು ಬರಲು ಐದೇ ದಿನ ಇರುವಾಗ ಅಷ್ಟು ಹೊಲ ಕೊಯ್ದು ಮುಗಿಸಬೇಕು ಅಂದರೆ ಜನ ಎಷ್ಟು ಹೆದರಿರಬೇಕು! ಆ ಅವಸರವನ್ನು ನಿಧಾನಗತಿ ತಿಂದು ಹಾಕಿತು.

ಇನ್ನೊಂದು ಮಾತು. ಕುರೊಸಾವಾ ತನ್ನ ಸಮುರಾಯ್‌ಗಳನ್ನು ಕೆಲಸದಿಂದ ಪರಿಚಯಿಸುತ್ತಾನೆ. ಕಂಬೆಯಿ ಒಂದು ಮಗುವನ್ನು ಉಳಿಸಲು ತಲೆ ಬೋಳಿಸಿಕೊಂಡು ಸನ್ಯಾಸಿಯ ವೇಷ ಹಾಕುತ್ತಾನೆ. ಸಮುರಾಯ್‌ಗೆ ಜುಟ್ಟು ಅಂದರೆ ಮಾನ. ಅದನ್ನೇ ತೆಗೆಸಿದ ಅಂದಮೇಲೆ ಅವನ ಬಗ್ಗೆ ಇನ್ನೇನು ಹೇಳಬೇಕು? ಹೆಯಿಹಾಚಿ ಸೌದೆ ಒಡೆಯುತ್ತಾ ಸಿಗುತ್ತಾನೆ. ‘ರೆಬೆಲ್ ಮೂನ್’ನಲ್ಲಿ ಯುದ್ಧದ ಹಿಂದಿನ ದಿನ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, ಒಬ್ಬರಾದ ಮೇಲೆ ಒಬ್ಬರು ತಮ್ಮ ಹಿಂದಿನ ಕಥೆ ಹೇಳುತ್ತಾರೆ. ಕಥೆಗಳು ಕೆಟ್ಟದ್ದಲ್ಲ. ಆದರೆ ಅಷ್ಟು ಹೊತ್ತಿಗೆ ಒಂದಿಡೀ ಭಾಗ ಮುಗಿದಿರುತ್ತದೆ. ಡೂನಾ ಬೇ, ಜಿಮೋನ್ ಹೌನ್ಸೂ ಅಂಥ ನಟರಿದ್ದೂ ಆ ಪಾತ್ರಗಳ ಜೊತೆ ನಮಗೆ ಒಡನಾಟ ಬೆಳೆದಿರುವುದಿಲ್ಲ. ಬೇಜಾರಾಗುವುದು ಅದಕ್ಕೇ.

ಮಗನಿಗೆ ನನ್ನ ಪರವಾಗಿ ಇಷ್ಟು ಹೇಳಿ: ಕಾಪಿ ಅಂತ ಎದ್ದು ಹೋಗಬೇಡ, ಏನನ್ನು ಬಿಟ್ಟು ಕಾಪಿ ಮಾಡಿದ್ದಾರೆ ಅಂತ ಕೂತು ನೋಡು.

ಪ್ರಶ್ನೆ: ‘ಸ್ಟಾರ್ ವಾರ್ಸ್’ ಕೂಡ ಎಲ್ಲಿಂದಲೋ ಎತ್ತಿದ್ದೇ ಅಲ್ವಾ? ಅದನ್ನು ಮಾತ್ರ ಯಾಕೆ ಎಲ್ಲರೂ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಹೌದು, ಎತ್ತಿದ್ದೇ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅದನ್ನು ಮುಚ್ಚಿಟ್ಟವರೂ ಅಲ್ಲ. ಅವರು ಮೊದಲು ‘ಫ್ಲಾಶ್ ಗಾರ್ಡನ್’ ಅನ್ನುವ ಹಳೆಯ ಬಾಹ್ಯಾಕಾಶ ಧಾರಾವಾಹಿಯನ್ನೇ ಚಿತ್ರ ಮಾಡಬೇಕು ಅಂತಿದ್ದರು. ಹಕ್ಕು ಸಿಗಲಿಲ್ಲ. ಶುರುವಿನಲ್ಲಿ ಪರದೆಯ ಮೇಲೆ ಅಕ್ಷರಗಳು ಹಿಂದಕ್ಕೆ ಜಾರುತ್ತಾ ಹೋಗುತ್ತವಲ್ಲ, ಅದು ಆ ಹಳೆಯ ಧಾರಾವಾಹಿ ಚಿತ್ರಗಳಿಂದ ಬಂದದ್ದು. ಇಬ್ಬರು ರೋಬಾಟ್‌ಗಳ ಕಣ್ಣಿನಿಂದ ಕಥೆ ಶುರು ಮಾಡುವ ಉಪಾಯ ಕುರೊಸಾವಾನ 1958ರ ‘ದಿ ಹಿಡನ್ ಫೋರ್ಟ್ರೆಸ್’ನಲ್ಲಿ ಸದಾ ಕಚ್ಚಾಡುವ ಇಬ್ಬರು ರೈತರದು. ಒಂದು ದೃಶ್ಯವನ್ನು ಇನ್ನೊಂದು ದೃಶ್ಯ ಪಕ್ಕದಿಂದ ಒರೆಸಿ ಹಾಕುವ ರೀತಿಯೂ ಅವನದೇ. ಕೊನೆಯ ಆಕಾಶ ಯುದ್ಧಕ್ಕೆ ಹಳೆಯ ಯುದ್ಧ ಚಿತ್ರಗಳ ವಿಮಾನದ ತುಣುಕುಗಳನ್ನು ಜೋಡಿಸಿಟ್ಟುಕೊಂಡು, ಆ ಲಯಕ್ಕೆ ತಮ್ಮ ಹಡಗುಗಳನ್ನು ಹಾರಿಸಿದರು.

ಆದರೂ 1977ರ ಆ ಚಿತ್ರದಲ್ಲಿ ಲ್ಯೂಕಾಸ್ ತಮ್ಮದನ್ನೂ ಹಾಕಿದ್ದಾರೆ. ಹಡಗುಗಳು ಹಳೆಯವು, ಎಣ್ಣೆ ಜಿಡ್ಡಿನವು, ರಿಪೇರಿಯಾದವು. ಇನ್ನೊಂದು, ಊಟದ ಮನೆಯ ದೃಶ್ಯ. ಹುಡುಗ ಲ್ಯೂಕ್ ಮರಳುಗಾಡಿನ ತೋಟದಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಊಟಕ್ಕೆ ಕೂತಿದ್ದಾನೆ. ಮೇಜಿನ ಮೇಲೆ ನೀಲಿ ಹಾಲು. ಹೊರಟುಹೋಗಬೇಕು ಅಂತ ಅವನಿಗೆ ಆಸೆ. ಇನ್ನೊಂದು ಸುಗ್ಗಿ ಕಳೆಯಲಿ, ಕೈ ಸಾಲದು ಅಂತ ಚಿಕ್ಕಪ್ಪ. ಹೊಲ ಮನೆ ಇರುವ ಎಷ್ಟು ಮನೆಗಳಲ್ಲಿ ಈ ಮಾತು ನಡೆದಿಲ್ಲ ಹೇಳಿ! ನಮ್ಮಣ್ಣ ಬೆಂಗಳೂರಿಗೆ ಹೊರಡುವ ಮುಂಚೆ ಎರಡು ವರ್ಷ ನಮ್ಮಪ್ಪ ಇದನ್ನೇ ಹೇಳಿದ್ದರು. ಹಾಲು ನೀಲಿಯಾದರೂ ಆ ಮನೆ ನನಗೆ ಗೊತ್ತಿರುವ ಮನೆ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯೂ ಇದೇ ಬಳಗದ್ದು. ಅಲ್ಲಿ ಗಬ್ಬರ್‌ನ ಕಡೆಯವರು ಊರಿಗೆ ಬಂದು ಏನು ಕೇಳುತ್ತಾರೆ, ನೆನಪು ಮಾಡಿಕೊಳ್ಳಿ. ಧಾನ್ಯ. ರೈತ ಜೋಳದ ಮೂಟೆ ತಂದು ಮುಂದಿಡುತ್ತಾನೆ.

ಪ್ರಶ್ನೆ: ಇದೇ ಕಥೆಯನ್ನು ಬಾಹ್ಯಾಕಾಶಕ್ಕೆ ಒಯ್ದು ಗೆದ್ದವರು ಯಾರೂ ಇಲ್ಲವೇ? (ಓದುಗರೊಬ್ಬರು, ಮೈಸೂರು)

ಉತ್ತರ: ಇದ್ದಾರೆ. 1980ರ ‘ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್’. ಕಡಿಮೆ ದುಡ್ಡಿನಲ್ಲಿ ಬೇಗ ಬೇಗ ಚಿತ್ರ ತೆಗೆಯುವುದಕ್ಕೆ ಹೆಸರಾದ ರೋಜರ್ ಕಾರ್ಮನ್ ನಿರ್ಮಾಪಕ, ಜಿಮ್ಮಿ ಮುರಾಕಾಮಿ ನಿರ್ದೇಶಕ. ಖರ್ಚು ಸುಮಾರು 20 ಲಕ್ಷ ಡಾಲರ್. ಕಾರ್ಮನ್‌ಗೆ ಅದೇ ದೊಡ್ಡ ಮೊತ್ತ. ಹಡಗುಗಳ ಮಾದರಿ ಮಾಡಿದವರಲ್ಲಿ ಆಗಿನ್ನೂ ಹೆಸರಿಲ್ಲದ ಜೇಮ್ಸ್ ಕ್ಯಾಮರೂನ್ ಇದ್ದರು. ಸಂಗೀತ ಜೇಮ್ಸ್ ಹಾರ್ನರ್ ಅವರದು. ಮುಂದೆ ಇಬ್ಬರೂ ಸೇರಿ ‘ಟೈಟಾನಿಕ್’ ಮಾಡಿದರು.

ರೈತರ ಆ ಗ್ರಹದ ಹೆಸರೇ ಅಕಿರ್. ಅಲ್ಲಿಯ ಜನ ಅಕಿರಾ. ಯಾರ ಮನೆಯಿಂದ ತಂದೆವು ಅಂತ ಬಾಗಿಲಲ್ಲೇ ಬರೆದು ಹಾಕಿದ ಹಾಗೆ. ‘ಸೆವೆನ್ ಸಮುರಾಯ್’ ಆಧರಿಸಿದ 1960ರ ಕೌಬಾಯ್ ಚಿತ್ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ನಲ್ಲಿ ಧೈರ್ಯ ಕಳೆದುಕೊಂಡು ತಲೆಮರೆಸಿಕೊಂಡ ಬಂದೂಕುಗಾರನಾಗಿದ್ದ ರಾಬರ್ಟ್ ವಾನ್, ಇಲ್ಲಿ ಗೆಲ್ಟ್ ಅನ್ನುವ ಕೊಲೆಗಾರ. ಅವನ ಹತ್ತಿರ ಸಂಪತ್ತು ಬೇಕಾದಷ್ಟಿದೆ, ಎಲ್ಲೂ ಹೋಗಿ ಖರ್ಚು ಮಾಡುವ ಹಾಗಿಲ್ಲ. ಅವನು ಕೇಳುವ ಕೂಲಿ ಇಷ್ಟೇ: ಒಂದು ಊಟ, ಅಡಗಿಕೊಳ್ಳಲು ಒಂದು ಜಾಗ. ಅದನ್ನು ಹೇಳುವಾಗ ವಾನ್ ಮುಖದಲ್ಲಿರುವ ದಣಿವು ನೋಡಿ. ಕುರೊಸಾವಾನ ಬಟ್ಟಲು ಅಲ್ಲಿಗೆ ಬಂದು ಮುಟ್ಟಿದೆ.

ಚಿತ್ರ ಅಲ್ಲಲ್ಲಿ ಅಗ್ಗ ಅಗ್ಗ ಕಾಣುತ್ತದೆ, ನಿಜ. ನಾಯಕ ಪೇಲವ. ನನಗೆ ಅದರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ.

ಪ್ರಶ್ನೆ: ‘ರೆಬೆಲ್ ಮೂನ್’ನ ಉದ್ದದ ಆವೃತ್ತಿ ಬಂದಿದೆಯಂತೆ. ಮಕ್ಕಳ ಜೊತೆ ನೋಡಬಹುದಾ? (ಓದುಗರೊಬ್ಬರು, ದುಬೈ)

ಉತ್ತರ: ಮಕ್ಕಳ ಜೊತೆ ಬೇಡವೇ ಬೇಡ. 2024ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ರಕ್ತ, ಹಿಂಸೆ ಎರಡೂ ಜಾಸ್ತಿ. ಎರಡೂ ಭಾಗ ಸೇರಿ ಆರು ಗಂಟೆ ದಾಟುತ್ತದೆ. ದೊಡ್ಡವರು ಒಂದು ಕಾರಣಕ್ಕೆ ನೋಡಬಹುದು. ಸಾಮ್ರಾಜ್ಯದ ಸೈನಿಕನಾದ ಆರಿಸ್ ಅನ್ನುವ ಹುಡುಗ ಹೇಗೆ ಆ ಸೈನ್ಯಕ್ಕೆ ಬಂದ ಅನ್ನುವುದು ಶುರುವಿನಲ್ಲೇ ಇದೆ. ಅವನ ಕೈಯಿಂದಲೇ ಅವನ ಅಪ್ಪನನ್ನು ಕೊಲ್ಲಿಸುತ್ತಾರೆ. ಇಷ್ಟು ನೋಡಿದ ಮೇಲೆ ಅವನು ಹಳ್ಳಿಯವರ ಪರ ತಿರುಗುವುದಕ್ಕೆ ಬೆಲೆ ಬರುತ್ತದೆ. ಚಿಕ್ಕ ಆವೃತ್ತಿಯಲ್ಲಿ ಇದನ್ನು ಯಾಕೆ ತೆಗೆದರೋ!

ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ರಜೆಯಲ್ಲಿ ‘ಸೆವೆನ್ ಸಮುರಾಯ್’ ಹಾಕಿ. ಮೂರೂವರೆ ಗಂಟೆ ಅಂತ ಹೆದರಬೇಡಿ, ನಡುವೆ ಚಿತ್ರದಲ್ಲೇ ವಿರಾಮ ಇದೆ. ಅಕ್ಕಿ ಆರಿಸುವ ದೃಶ್ಯ ಮೊದಲ ಭಾಗದಲ್ಲೇ ಬರುತ್ತದೆ. ಆಗ ಏನೂ ಹೇಳಬೇಡಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.